ಹೊಳೆಯ ಜೀವಕ್ಕೆ ಮೊದಲ ಪಾಲು
ಕರ್ನಾಟಕದ ನದಿ, ಹಳ್ಳ, ಕೆರೆಗಳ ಜೀವಿಗಳ ಉಳಿವಿಗಾಗಿ ಕಟ್ಟುತ್ತಿರುವ ಜನಾಂದೋಲನದ ಪ್ರಣಾಳಿಕೆ

ನಾವು ಈ ನಾಡಿನ ಹೊಳೆದಂಡೆಯ ಜನ. ಬಲೆ ಬೀಸಿ ಬದುಕುವವರು, ಗದ್ದೆ ತೋಟ ಮಾಡುವವರು, ಶಾಲೆಯ ಮೇಷ್ಟರು, ಕಾಲೇಜಿನ ಹುಡುಗ ಹುಡುಗಿಯರು, ಮೀನು ಕಪ್ಪೆಗಳ ಅಧ್ಯಯನಕ್ಕೆ ಆಯುಷ್ಯ ತೆತ್ತ ವಿಜ್ಞಾನಿಗಳು, ತಮ್ಮ ಬಡಾವಣೆಯ ಕೆರೆಗಾಗಿ ಬೀದಿಗಿಳಿದ ನಗರವಾಸಿಗಳು ನಮ್ಮಲ್ಲಿದ್ದಾರೆ. ನಮ್ಮೆಲ್ಲರನ್ನೂ ಒಂದೆಡೆ ಸೇರಿಸಿರುವ ಮಾತು ಒಂದೇ. ನಮ್ಮ ನೀರಿನ ಲೆಕ್ಕದಲ್ಲಿ ನೀರಿನೊಳಗೆ ಬದುಕುವ ಜೀವಿಗಳಿಗೂ ಪಾಲು ಬೇಕು, ಆ ಪಾಲಿನಲ್ಲಿ ಯಾರಿಗೆ ಮೊದಲು, ಎಲ್ಲಿ ಮೊದಲು ಎಂಬುದು ಬಹಿರಂಗವಾಗಿ, ಕಾರಣ ಸಹಿತವಾಗಿ ನಿಶ್ಚಯವಾಗಬೇಕು.

ಇವತ್ತಿನ ಲೆಕ್ಕ ಹೇಗಿದೆ ಎಂಬುದಕ್ಕೆ ಕಾವೇರಿಯೇ ಸಾಕ್ಷಿ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ತನ್ನ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ಅಡಿ ನೀರನ್ನು ಹಂಚಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರ ರಕ್ಷಣೆಗೆಂದು ಎತ್ತಿಟ್ಟದ್ದು 10. ತಡೆಯಲಾಗದೆ ಸಮುದ್ರ ಸೇರುವ ನೀರೆಂದು 4. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನದನ್ನು ಅಷ್ಟೇ ಇಳಿಸಿತು. ಪರಿಸರದ ಹತ್ತು ಹತ್ತಾಗಿಯೇ ಉಳಿಯಿತು. ರಾಜ್ಯಗಳ ಪಾಲಿಗಾಗಿ ದಶಕಗಳ ಕಾಲ ಬಂದ್, ಮೆರವಣಿಗೆ, ಕೋರ್ಟು ಕಚೇರಿ ಎಲ್ಲ ನಡೆದವು. ಆ ಹತ್ತು ಟಿಎಂಸಿ ಯಾವ ತಿಂಗಳಲ್ಲಿ, ಯಾವ ಮಡುವಿಗೆ, ಯಾವ ಮೀನಿಗೆ ತಲುಪುತ್ತಿದೆ ಎಂದು ಕೇಳಲು ಒಂದು ಸಂಘಟಿತ ದನಿ ಇರಲಿಲ್ಲ. ಆ ದನಿಯಾಗಲು ಈ ಆಂದೋಲನ ಹುಟ್ಟಿದೆ.

ಏನು ಕಳೆದುಹೋಗುತ್ತಿದೆ

ಭೂಮಿಯ ಮೇಲ್ಮೈಯಲ್ಲಿ ಸಿಹಿನೀರು ಆವರಿಸಿರುವುದು ಶೇ 1ಕ್ಕಿಂತ ಕಡಿಮೆ ಜಾಗ. ಆದರೆ ವಿಜ್ಞಾನಕ್ಕೆ ಗೊತ್ತಿರುವ ಪ್ರಭೇದಗಳಲ್ಲಿ ಸುಮಾರು ಹತ್ತನೇ ಒಂದು ಭಾಗ, ಮೀನುಗಳಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಆ ಚೂರು ಜಾಗದಲ್ಲಿವೆ. ಅಲ್ಲಿಯೇ ಅಳಿವೂ ಜೋರಾಗಿದೆ. 2024ರ ಲಿವಿಂಗ್ ಪ್ಲಾನೆಟ್ ವರದಿಯ ಪ್ರಕಾರ, 1970ರಿಂದ 2020ರ ನಡುವೆ ನಿಗಾದಲ್ಲಿದ್ದ ಸಿಹಿನೀರಿನ ಬೆನ್ನೆಲುಬುಳ್ಳ ಜೀವಿಗಳ ಸಂಖ್ಯೆ ಸರಾಸರಿ ಶೇ 85ರಷ್ಟು ಕುಸಿದಿದೆ. ನೆಲದ ಮೇಲೆ ಈ ಕುಸಿತ ಶೇ 69, ಕಡಲಲ್ಲಿ ಶೇ 56. 2025ರ ಜನವರಿಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 23,496 ಪ್ರಭೇದದ ಸಿಹಿನೀರ ಮೀನು, ಏಡಿ, ಸೀಗಡಿ, ಏರೋಪ್ಲೇನ್ ಚಿಟ್ಟೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಸುಮಾರು ಕಾಲು ಭಾಗ ಅಳಿವಿನ ಭೀತಿಯಲ್ಲಿವೆ. ಅಪಾಯದಲ್ಲಿರುವ ಪ್ರಭೇದಗಳು ದಟ್ಟವಾಗಿ ನೆರೆದಿರುವ ತಾಣಗಳಲ್ಲಿ ನಮ್ಮ ಪಶ್ಚಿಮ ಘಟ್ಟವೂ ಒಂದು.

ಕಾರಣಗಳನ್ನೂ ಆ ಅಧ್ಯಯನ ಬಿಡಿಸಿ ಹೇಳಿದೆ. ಕೊಳಕು ನೀರು, ಅಣೆಕಟ್ಟು ಮತ್ತು ನೀರೆತ್ತುವಿಕೆ, ಕೃಷಿಗೂ ಕಟ್ಟಡಕ್ಕೂ ಭೂಮಿಯ ಬಳಕೆ ಬದಲಾದದ್ದು, ಹೊರಗಿನಿಂದ ಬಂದ ಜೀವಿಗಳು ಮತ್ತು ರೋಗಗಳು. ಅಪಾಯದಲ್ಲಿರುವ ಬಹುಪಾಲು ಜೀವಿಗಳ ಮೇಲೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಪೆಟ್ಟು ಒಟ್ಟಿಗೇ ಬೀಳುತ್ತಿವೆ. ಅದೇ ಅಧ್ಯಯನದಲ್ಲಿ ನಮಗೆ ಬಹುಮುಖ್ಯವಾದ ಇನ್ನೊಂದು ಮಾತಿದೆ. ನೀರಿನ ಅಭಾವ ಎಲ್ಲಿ ಹೆಚ್ಚು, ನೀರಿನ ಮಾಲಿನ್ಯ ಎಲ್ಲಿ ಹೆಚ್ಚು ಎಂಬ ನಕ್ಷೆಯನ್ನು ಮಾತ್ರ ಹಿಡಿದು ಹೊರಟರೆ, ಅಪಾಯದಲ್ಲಿರುವ ಜೀವಿಗಳಿರುವ ಜಾಗ ಸಿಗುವುದಿಲ್ಲ. ಮನುಷ್ಯರ ನೀರಿನ ಸಂಕಟದ ಭೂಪಟವೇ ಬೇರೆ, ಜೀವಿಗಳ ಸಂಕಟದ ಭೂಪಟವೇ ಬೇರೆ. ಎರಡನ್ನೂ ಬಿಡಿಸಬೇಕು, ಒಂದನ್ನು ತೋರಿಸಿ ಇನ್ನೊಂದರ ಕೆಲಸ ಮುಗಿಯಿತು ಎನ್ನಬಾರದು.

ಈಗಿನ ಆದ್ಯತೆಯಲ್ಲಿ ಏನು ತಪ್ಪಿದೆ

ಆದ್ಯತೆ ಎಂಬುದು ಈಗಲೂ ಇದೆ. ಆದರೆ ಅದನ್ನು ಯಾರೂ ಕುಳಿತು ನಿರ್ಧರಿಸಿದ್ದಲ್ಲ. ಕಣ್ಣಿಗೆ ಚೆಂದ ಕಂಡದ್ದು, ಅನುದಾನ ಸುಲಭವಾಗಿ ಸಿಕ್ಕಿದ್ದು, ಕಾನೂನಿನ ಚೌಕಟ್ಟಿಗೆ ಹೊಂದಿದ್ದು ತಾನಾಗಿ ಮೇಲೆ ಬಂದಿದೆ.

ಕರ್ನಾಟಕದಲ್ಲಿ ನಾಲ್ಕು ರಾಮ್‌ಸಾರ್ ತಾಣಗಳಿವೆ, ಅಂದರೆ ಅಂತರರಾಷ್ಟ್ರೀಯ ಮನ್ನಣೆ ಪಡೆದ ಜೌಗುಪ್ರದೇಶಗಳು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ. ನಾಲ್ಕಕ್ಕೂ ಈ ಮನ್ನಣೆ ಸಲ್ಲಬೇಕಾದದ್ದೇ. ಆದರೆ ಅವುಗಳಲ್ಲಿ ಮೂರು ಹೆಸರಾಗಿರುವುದು ಹಕ್ಕಿಗಳಿಂದ. ಮೀನು, ಕಪ್ಪೆಚಿಪ್ಪು, ಏಡಿಗಳ ಕಾರಣಕ್ಕೆ ರಕ್ಷಣೆ ಪಡೆದ ನದಿಯ ತುಂಡು ನಮ್ಮಲ್ಲಿ ಎಷ್ಟಿದೆ? ದೇವಸ್ಥಾನಗಳ ಮುಂದಿನ ಮೀನುಗುಂಡಿಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಇಲ್ಲ.

ಕಾನೂನೂ ಹೊಳೆಗೆ ಬೆನ್ನು ಮಾಡಿದೆ. 2017ರ ಜೌಗುಪ್ರದೇಶ ನಿಯಮಗಳು ನದಿಪಾತ್ರವನ್ನು, ಭತ್ತದ ಗದ್ದೆಯನ್ನು, ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಜಲಾಶಯಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ನಮ್ಮ ಬಯಲುಸೀಮೆಯ ಕೆರೆಗಳು ಬಹುಪಾಲು ನೀರಾವರಿಗೆಂದೇ ಕಟ್ಟಿದವು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ 25 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿಯೇ ಬೇಕಿಲ್ಲ. ಮಲೆನಾಡಿನ ಹಳ್ಳವೊಂದನ್ನು ಒಣಗಿಸಲು 25 ಮೆಗಾವ್ಯಾಟ್ ಬೇಕಾಗಿಲ್ಲ. ಹಳ್ಳದ ನೀರನ್ನು ಕೊಳವೆಗೆ ತಿರುಗಿಸಿದ ಜಾಗದಿಂದ ಯಂತ್ರದ ಮನೆಯವರೆಗೆ ಹೊಳೆ ಬರೀ ಬಂಡೆಯಾಗಿ ಬಿದ್ದಿರುತ್ತದೆ. ಕಾಗದದಲ್ಲಿ ಅದು ‘ಕಿರು’ ಯೋಜನೆ, ಅಲ್ಲಿನ ಮೀನಿಗೆ ಅದು ಸರ್ವನಾಶ.

ಇನ್ನು ಕೆರೆ ಅಭಿವೃದ್ಧಿ. ಊರೂರಲ್ಲಿ ಕೆರೆಯ ಅಂಚನ್ನು ಕಡಿದಾಗಿ ಕತ್ತರಿಸಿ, ಕಲ್ಲು ಕಟ್ಟಿ, ಮೇಲೆ ನಡಿಗೆ ಹಾದಿ ಮಾಡಿ, ದೀಪ ಹಾಕಿ ಉದ್ಘಾಟನೆ ಮಾಡುತ್ತಾರೆ. ಮೊಣಕಾಲುದ್ದ ನೀರು, ಜೊಂಡು, ಕೆಸರು ಇರುವ ಅಂಚಿನಲ್ಲೇ ಮೀನು ಮೊಟ್ಟೆ ಇಡುವುದು, ಕಪ್ಪೆ ಮರಿಯಾಗುವುದು, ಉದ್ದಕಾಲಿನ ಹಕ್ಕಿ ಮೇಯುವುದು. ಆ ಅಂಚು ಹೋದ ಮೇಲೆ ಉಳಿಯುವುದು ನೀರಿನ ತೊಟ್ಟಿ.

ಕಾವೇರಿಯ ಮಹಶೀರ್ ಕಲಿಸಿದ ಪಾಠ

ಆದ್ಯತೆ ತಪ್ಪಿದರೆ ಒಳ್ಳೆಯ ಉದ್ದೇಶವೂ ಕೇಡು ಮಾಡುತ್ತದೆ ಎಂಬುದಕ್ಕೆ ಕಾವೇರಿಯ ಡುಬ್ಬದ ಮಹಶೀರ್‌ಗಿಂತ ದೊಡ್ಡ ಉದಾಹರಣೆ ಬೇಡ. ಕಿತ್ತಳೆ ಬಣ್ಣದ ಈಜುರೆಕ್ಕೆ, ತಲೆಯ ಹಿಂದೆ ಎದ್ದ ಡುಬ್ಬ, ಆನೆಗಾತ್ರದ ಬಂಡೆಗಳ ನಡುವಿನ ಆಳ ಮಡುಗಳ ವಾಸ. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು ಇದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಗಾಳದಿಂದ ಹಿಡಿದ ಮಹಶೀರ್‌ಗಳಲ್ಲಿ ಅದೇ ಇವತ್ತಿಗೂ ದಾಖಲೆ.

ಅಣೆಕಟ್ಟು, ಮೀನು ಹಿಡಿಯಲು ಹೊಡೆಯುವ ಸಿಡಿಮದ್ದಿನ ತೋಟೆ, ಮರಳು ಗಣಿಗಾರಿಕೆಯಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಕಂಡಾಗ, 1970ರ ದಶಕದಿಂದ ನದಿಗೆ ಮರಿ ಬಿಡುವ ಕೆಲಸ ಶುರುವಾಯಿತು. ಬಿಟ್ಟದ್ದು ಕೃಷ್ಣಾ ಕೊಳ್ಳದ ನೀಲಿ ಈಜುರೆಕ್ಕೆಯ ಮಹಶೀರ್, ಲೋನಾವಳದಲ್ಲಿ ಬೆಳೆಸಿದ ಮರಿಗಳು. ಅದೂ ಮಹಶೀರ್ ತಾನೇ ಎಂಬ ಭಾವನೆ. ಹೊಸ ಮೀನು ಕಾವೇರಿಯಲ್ಲಿ ಚೆನ್ನಾಗಿ ನೆಲೆಯೂರಿತು. ಹವ್ಯಾಸಿಗಳು ಗಾಳ ಹಾಕುವ ಶಿಬಿರಗಳಲ್ಲಿ ಸಿಗುವ ಮೀನಿನ ಸಂಖ್ಯೆ ಏರಿತು, ಮಹಶೀರ್ ಉಳಿಯಿತು ಎಂಬ ಸಮಾಧಾನವೂ ಹರಡಿತು. ಆದರೆ ಆ ಶಿಬಿರಗಳವರು ಹಿಡಿದು ಬಿಟ್ಟ ಪ್ರತಿ ಮೀನಿನ ದಾಖಲೆ ಇಟ್ಟಿದ್ದರು. ಅದನ್ನು ಸಂಶೋಧಕರು ಬಿಡಿಸಿ ನೋಡಿದಾಗ ಏರಿದ್ದು ನೀಲಿ ರೆಕ್ಕೆಯದು, ಡುಬ್ಬದ ಮಹಶೀರ್ ಮಾತ್ರ ಕುಸಿಯುತ್ತಲೇ ಬಂದಿದೆ ಎಂಬುದು ಬಯಲಾಯಿತು.

ಇಷ್ಟು ಹೆಸರಾದ ಮೀನಿಗೆ ಖಚಿತ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವಿವರಿಸಿದ್ದ ಟಾರ್ ರೆಮದೇವಿಯೇ ಇದು ಎಂದು ಆಗ ಸಾಬೀತಾಯಿತು. ಅದೇ ವರ್ಷ ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನೀಲಿ ರೆಕ್ಕೆಯ ಮಹಶೀರ್ ಅದೇ ಹೊತ್ತಿಗೆ ಅಪಾಯದ ಪಟ್ಟಿಯಿಂದ ಹೊರಬಂತು. ಅಂದರೆ ಅಷ್ಟು ವರ್ಷ ನಾವು ಆತಂಕವಿಲ್ಲದ ಮೀನನ್ನು ಸಾಕಿ, ಅಳಿಯುತ್ತಿದ್ದ ಮೀನಿನ ಮನೆಗೆ ತಂದು ಬಿಟ್ಟಿದ್ದೆವು. ಇವತ್ತು ಡುಬ್ಬದ ಮಹಶೀರ್ ಉಳಿದಿರುವುದು ಬಂಡೀಪುರದ ಅಂಚಿನ ಮೋಯಾರ್ ಸೇರಿದಂತೆ ಬೆರಳೆಣಿಕೆಯ ಕಡೆಗಳಲ್ಲಿ.

ಯಾವ ಮೀನು, ಯಾವ ಕೊಳ್ಳದ್ದು, ಯಾವ ಕಾರಣಕ್ಕೆ ಅಳಿಯುತ್ತಿದೆ ಎಂಬ ಮೂರು ಪ್ರಶ್ನೆ ಕೇಳದೆ ಹಣ ಸುರಿದರೆ ಏನಾಗುತ್ತದೆ ಎಂಬುದು ಇದರಿಂದ ಸ್ಪಷ್ಟ. ಈ ಪ್ರಣಾಳಿಕೆಯ ಅಳತೆಗೋಲುಗಳು ಹುಟ್ಟಿರುವುದು ಈ ಪಾಠದಿಂದಲೇ.

ನಮ್ಮ ಆರು ಅಳತೆಗೋಲುಗಳು

ಒಂದು: ಬೇರೆಲ್ಲೂ ಇಲ್ಲದ ಜೀವಿ ಮೊದಲು.

ಶರಾವತಿ ಕೊಳ್ಳದ ಕತ್ತಲೆಕಾನಿನ ಹಳ್ಳಗಳಿಂದ 2014ರಲ್ಲಿ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದರು. ಮಳೆಗಾಲದ ರಾತ್ರಿ, ನೀರಿನ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿ ತಂದು, ಹಿಂಗಾಲ ಮೇಲೆ ಎದ್ದು ನಿಂತು, ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ, ಮೊಟ್ಟೆಯ ಗೊಂಚಲು ಪೂರ್ತಿ ಮುಚ್ಚುವವರೆಗೂ. ಅದಕ್ಕೇ ಅದರ ಹೆಸರು ಕುಂಬಾರ ಕಪ್ಪೆ. ಅದಕ್ಕೆ ಬೇಕಾದದ್ದು ಜಡ್ಡಿಯ, ಅಂದರೆ ರಾಂಪತ್ರೆ ಮರಗಳ ಜೌಗುಕಾಡಿನ ನೆರಳು, ಪಾದ ಮುಳುಗುವಷ್ಟು ತಿಳಿನೀರು, ಕಲಕದ ಕೆಸರು. ಅಷ್ಟನ್ನು ಕೊಡಲು ಕೋಟಿ ರೂಪಾಯಿ ಬೇಡ. ಜಡ್ಡಿಯ ನೀರನ್ನು ಕೊಳವೆಗೆ ತಿರುಗಿಸದಿದ್ದರೆ ಸಾಕು.

ಹಾಗೆಯೇ ತುಂಗಾ, ಭದ್ರಾ ಸೀಮೆಯ ಹೊಳೆಗಳಲ್ಲಿ ಒಂದು ಚಿಪ್ಪುಜೀವಿ ಇದೆ. ಹೊಳೆಯ ಕಪ್ಪೆಚಿಪ್ಪುಗಳು ಸಾಮಾನ್ಯವಾಗಿ ಮರಳಲ್ಲಿ ಹುದುಗಿರುತ್ತವೆ. ಇದು ಕಡಲ ಸಿಂಪಿಯ ಹಾಗೆ ಬಂಡೆಗೇ ಅಂಟಿಕೊಂಡು ಬೆಳೆಯುತ್ತದೆ. ಅದರ ಕುಲದಲ್ಲಿ ಇರುವುದು ಅದೊಂದೇ ಪ್ರಭೇದ, ಇಲ್ಲಿ ಹೋದರೆ ಭೂಮಿಯ ಮೇಲಿಂದಲೇ ಹೋದಂತೆ. ಇದರ ಚಿತ್ರ ಯಾವ ಪ್ರವಾಸೋದ್ಯಮ ಫಲಕದಲ್ಲೂ ಇಲ್ಲ. ನಮ್ಮ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸಾಲು.

ಎರಡು: ಇನ್ನೂ ಕೆಡದ ಹೊಳೆಯನ್ನು ಕೆಡದಂತೆ ಕಾಯುವುದು, ಕೆಟ್ಟ ಹೊಳೆಯನ್ನು ರಿಪೇರಿ ಮಾಡುವುದಕ್ಕಿಂತ ಮೊದಲು.

ಶಿರಸಿಯಿಂದ ತದಡಿಯವರೆಗೆ ದೊಡ್ಡ ಅಣೆಕಟ್ಟೇ ಇಲ್ಲದೆ ಹರಿಯುವ ಅಘನಾಶಿನಿಯಂಥ ನದಿ ನಮ್ಮಲ್ಲಿ ಎಷ್ಟಿವೆ? ಅಳಿವೆಯಲ್ಲಿ ಬಳಚು ಹೆಕ್ಕಿ ಸಂಸಾರ ಸಾಗಿಸುವ ಹೆಂಗಸರ ಅನ್ನವೂ ಆ ಹರಿವಿಗೆ ಕಟ್ಟುಬಿದ್ದಿದೆ. ಅಂಥ ನದಿಯ ಮೇಲೆ ಹೊಸ ತಿರುವು ಯೋಜನೆ ಬಂದರೆ ನಾವು ಎಲ್ಲ ಕೆಲಸ ಬಿಟ್ಟು ಅಲ್ಲಿ ನಿಲ್ಲುತ್ತೇವೆ. ಕಳೆದುಕೊಂಡ ಮೇಲೆ ಯಾವ ಮೊತ್ತವೂ ಅದನ್ನು ತಂದುಕೊಡುವುದಿಲ್ಲ.

ಮೂರು: ಮೀನಿನ ದಾರಿಗೂ ಕಾಲಕ್ಕೂ ಬೆಲೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳಗಳಲ್ಲಿ ಕೆಂಪು ನೀರು ಹರಿದ ರಾತ್ರಿ ಮಲೆನಾಡಿನ ಗದ್ದೆ ಬಯಲಿಗೆ ಹೋಗಿ ನೋಡಿ. ಹೊಟ್ಟೆ ತುಂಬ ತತ್ತಿ ಹೊತ್ತ ಮೀನುಗಳು ನೀರಿಗೆ ಎದುರಾಗಿ ಏರುತ್ತಿರುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಬದುವಿನ ಕಂಡಿಗೆ, ಅಲ್ಲಿಂದ ಅಂಗೈ ಆಳದ ನೀರಿಗೆ. ಜನ ಇದನ್ನು ಮೀನು ಹತ್ತುವುದು ಎನ್ನುತ್ತಾರೆ. ಟಾರ್ಚು, ಕತ್ತಿ, ಕೂಣಿ ಹಿಡಿದು ಊರಿಗೆ ಊರೇ ಅಲ್ಲಿರುತ್ತದೆ. ಅಂದು ಹಿಡಿದ ಒಂದೊಂದು ಮೀನೂ ಮರಿಗಳ ಒಂದೊಂದು ಸಂತಾನವನ್ನೇ ಕೊನೆಗಾಣಿಸುತ್ತದೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡ ಸೇರುವುದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಹತ್ತುವ ಮೀನಿಗೆ ಅದೇ ಬಿಡುವನ್ನು ಹೊಳೆಯಲ್ಲಿಯೂ ಕೊಡಬೇಕು. ದಾರಿಗೆ ಅಡ್ಡ ನಿಂತ ಒಡ್ಡು, ಕಿಂಡಿ ಅಣೆಕಟ್ಟು, ಮೋರಿ ಇವುಗಳ ಹಲಗೆ ತೆಗೆಯುವ, ಹಾಕುವ ದಿನಗಳು ಮೀನಿನ ಕಾಲಕ್ಕೆ ಹೊಂದಬೇಕು.

ನಾಲ್ಕು: ಬೇಸಿಗೆಯ ಮಡುವೇ ಹೊಳೆಯ ಜೀವ.

ಏಪ್ರಿಲ್, ಮೇ ತಿಂಗಳಲ್ಲಿ ಹರಿವು ನಿಂತಾಗ ಇಡೀ ಹೊಳೆಯ ಜೀವರಾಶಿ ಕೆಲವೇ ಮಡುಗಳಿಗೆ ಬಂದು ಸೇರುತ್ತದೆ. ನೀರುನಾಯಿ, ಮೊಸಳೆ, ಆಮೆ, ದೊಡ್ಡ ಮೀನು ಎಲ್ಲ ಅಲ್ಲೇ. ಮುಂದಿನ ಮಳೆಗೆ ಹೊಳೆ ಮತ್ತೆ ತುಂಬುವುದು ಆ ಮಡುವಿನಲ್ಲಿ ಉಳಿದುಕೊಂಡ ಬೀಜದಿಂದ. ತೋಟೆ ಹೊಡೆಯುವವರು, ಮೈಲುತುತ್ತ, ಬ್ಲೀಚಿಂಗ್ ಪೌಡರ್ ಸುರಿಯುವವರು ಹೋಗುವುದೂ ಅಲ್ಲಿಗೇ, ಪಂಪ್‌ಸೆಟ್ಟಿನ ಪೈಪು ಇಳಿಯುವುದೂ ಅಲ್ಲಿಗೇ. ಪ್ರತಿ ಹೊಳೆಯ ಮಡುಗಳನ್ನು ಗುರುತಿಸಿ ಕಾದರೆ ಕಡಿಮೆ ಜಾಗದಲ್ಲಿ ಅತಿ ಹೆಚ್ಚು ಜೀವ ಉಳಿಯುತ್ತದೆ.

ಐದು: ಒಂದರ ಬದುಕಿಗೆ ಇನ್ನೊಂದು ಬೇಕು, ಆದ್ದರಿಂದ ಒಂಟಿ ಪ್ರಾಣಿಯ ಯೋಜನೆ ಬೇಡ.

ಕಪ್ಪೆಚಿಪ್ಪಿನ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ತಾಯಿಯಿಂದ ಹೊರಬಿದ್ದ ಕೂಡಲೇ ಅವು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಳ್ಳಬೇಕು. ಅಲ್ಲಿ ಕೆಲಕಾಲ ಬೆಳೆದು, ಮೀನು ಹೋದಲ್ಲಿಗೆ ಹೋಗಿ, ಕಳಚಿ ಬಿದ್ದು ಮರಳಿಗಿಳಿಯುತ್ತವೆ. ಮೀನು ಇಲ್ಲದ ಹೊಳೆಯಲ್ಲಿ ಮುದಿ ಚಿಪ್ಪುಗಳಿರುತ್ತವೆ, ಮರಿ ಇರುವುದಿಲ್ಲ. ಚಿಪ್ಪು ನೀರನ್ನು ಸೋಸುತ್ತದೆ, ನೀರುನಾಯಿಗೆ ಮೀನು ಏಡಿ ಬೇಕು, ಮೆದುಚಿಪ್ಪಿನ ಆಮೆಗೂ ಹೊಳೆ ರೀವ ಹಕ್ಕಿಗೂ ಮೊಟ್ಟೆ ಇಡಲು ಮರಳದಿಣ್ಣೆ ಬೇಕು. ಮರಳನ್ನು ಲಾರಿಗೆ ತುಂಬಿಸಿ ಆಮೆ ಉಳಿಸುತ್ತೇವೆ ಎಂದರೆ ಆಗದ ಮಾತು.

ಆರು: ಹೊಳೆಯನ್ನು ನಂಬಿದವರ ಅನ್ನಕ್ಕೆ ಮೊದಲ ಗೌರವ.

ಬೆಸ್ತರು, ಅಂಬಿಗರು, ಹೊಳೆಬದಿಯ ಕೂಲಿಕಾರರು ಈ ಜೀವಿಗಳ ಹೆಸರು, ಕಾಲ, ನಡೆ ಬಲ್ಲವರು. ರಕ್ಷಣೆಯ ಹೆಸರಲ್ಲಿ ಅವರನ್ನು ದಡದಿಂದ ಓಡಿಸುವ ಯಾವ ಯೋಜನೆಯನ್ನೂ ನಾವು ಒಪ್ಪುವುದಿಲ್ಲ. ಬಿಡುವಿನ ಕಾಲಕ್ಕೆ ಜೀವನಭತ್ಯೆ, ಕಾವಲಿನ ಕೆಲಸದಲ್ಲಿ ಮೊದಲ ಹಕ್ಕು, ನಿರ್ಧಾರದ ಸಭೆಯಲ್ಲಿ ಮತ. ಇವು ಮೂರೂ ಅವರಿಗೆ ಸಲ್ಲಬೇಕು.

ಮೊದಲ ಐದು ನೆಲೆಗಳು

ಈ ಅಳತೆಗೋಲಿನಿಂದ ನಮ್ಮ ಮೊದಲ ಪಟ್ಟಿ ಹೀಗಿದೆ.

ಕಾವೇರಿ, ಕಬಿನಿ, ಮೋಯಾರ್: ಡುಬ್ಬದ ಮಹಶೀರ್ ಉಳಿದಿರುವ ಮಡುಗಳು ಮತ್ತು ಅವಕ್ಕೆ ಸೇರುವ ಹಳ್ಳಗಳು. ಇಲ್ಲಿ ಬೇರೆ ಕೊಳ್ಳದ ಯಾವ ಮೀನಿನ ಮರಿಯನ್ನೂ ಬಿಡಕೂಡದು. ರಾಜ್ಯದ ಗಡಿ ಮೀನಿಗೆ ಇಲ್ಲ, ತಮಿಳುನಾಡಿನ ಗೆಳೆಯರೊಡನೆ ಕೂಡಿಯೇ ಈ ಕೆಲಸ.

ತುಂಗಾ ಮತ್ತು ಭದ್ರಾ ನದಿಗಳ ಮೇಲ್ಭಾಗ: ಬಂಡೆಗೆ ಅಂಟುವ ಚಿಪ್ಪು, ದೇವಸ್ಥಾನಗಳು ಕಾಯುವ ದೇವರ ಮೀನುಗಳು, ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಗೂಡು ಮಾಡುವ ಹೊಳೆ ರೀವಗಳು. ಮೊಟ್ಟೆಯ ಕಾಲದಲ್ಲಿ ಜಲಾಶಯದ ಮಟ್ಟವನ್ನು ಏಕಾಏಕಿ ಏರಿಸಬಾರದು.

ತುಂಗಭದ್ರೆ: ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಅಣೆಕಟ್ಟಿನ ಕೆಳಗೆ 34 ಕಿಲೋಮೀಟರ್ ಉದ್ದದ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸಾರಲಾಯಿತು. ನೀರುನಾಯಿಗಾಗಿ ದೇಶದಲ್ಲಿ ಆದ ಮೊದಲ ಮೀಸಲು ಅದು. ತೀವ್ರ ಅಳಿವಿನಂಚಿನ ಲೀತ್ ಮೆದುಚಿಪ್ಪಿನ ಆಮೆಗೂ ಅದೇ ನೆಲೆ. ಘೋಷಣೆಯ ಕಾಗದಕ್ಕೆ ಕಾವಲುಗಾರ, ದೋಣಿ, ನೀರಿನ ಖಾತರಿ ಈಗ ಬೇಕು.

ಅಘನಾಶಿನಿ ಮತ್ತು ಶರಾವತಿ ಕೊಳ್ಳದ ಜಡ್ಡಿಗಳು: ಹರಿವಿಗೆ ಅಡ್ಡಿ ಇಲ್ಲದ ನದಿ, ಮತ್ತು ಕುಂಬಾರ ಕಪ್ಪೆಯಂಥ ಜೀವಿಗಳ ತವರು.

ಬಯಲುಸೀಮೆಯ ಕೆರೆ ಸರಪಳಿಗಳು: ಒಂದು ಕೆರೆಯ ಕೋಡಿ ಇನ್ನೊಂದರ ಒಡಲು ಸೇರುವ ಸಾಲು. ಜಿಲ್ಲೆಗೆ ಒಂದಾದರೂ ಸರಪಳಿಯಲ್ಲಿ ಕಾಲುವೆಯ ದಾರಿ ತೆರೆದಿರಬೇಕು, ನಾಟಿ ಮೀನಿಗೆ ಮೀಸಲಾದ ಕೆರೆ ಇರಬೇಕು, ಜಿಲೇಬಿ ಮೀನೂ ಆಫ್ರಿಕನ್ ಕ್ಯಾಟ್‌ಫಿಶ್ಶೂ ಅಲ್ಲಿಗೆ ಬರಬಾರದು.

ಪಟ್ಟಿಯಲ್ಲಿ ಇಲ್ಲದ್ದರ ಬಗ್ಗೆಯೂ ನೇರವಾಗಿ ಹೇಳಬೇಕು. ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗಳ ನೊರೆ, ದುರ್ವಾಸನೆ ಅಲ್ಲಿನ ಜನರ ಆರೋಗ್ಯದ ತುರ್ತು ಪ್ರಶ್ನೆ. ಅದನ್ನು ಸರಿಪಡಿಸುವುದು ಸರ್ಕಾರದ ಕರ್ತವ್ಯ, ಆ ಹೋರಾಟಕ್ಕೆ ನಮ್ಮ ಬೆಂಬಲವಿದೆ. ಆದರೆ ಜೀವಿಗಳ ಸಂರಕ್ಷಣೆಗೆ ಮೀಸಲಾದ ಅಲ್ಪ ಹಣ ಅಲ್ಲಿಗೆ ಹರಿದುಹೋಗಬಾರದು. ಆ ಹಣದ ಸಣ್ಣ ಪಾಲಿನಿಂದ ಮಲೆನಾಡಿನ ಹಲವು ಹಳ್ಳಗಳನ್ನು ಕಾಯಬಹುದು.

ನಮ್ಮ ಹಕ್ಕೊತ್ತಾಯಗಳು

ರಾಜ್ಯ ಸರ್ಕಾರಕ್ಕೆ: ಪ್ರತಿ ಅಣೆಕಟ್ಟು, ಪ್ರತಿ ಕಿರು ಜಲವಿದ್ಯುತ್ ಘಟಕದ ಕೆಳಗೆ ವರ್ಷದ ಎಲ್ಲ ತಿಂಗಳೂ ಹರಿಯಲೇಬೇಕಾದ ನೀರಿನ ಪ್ರಮಾಣವನ್ನು ಆದೇಶವಾಗಿ ಹೊರಡಿಸಿ, ಬಿಟ್ಟ ನೀರಿನ ಲೆಕ್ಕವನ್ನು ದಿನವೂ ಪ್ರಕಟಿಸಿ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ 25 ಮೆಗಾವ್ಯಾಟ್‌ನ ವಿನಾಯಿತಿ ಅನ್ವಯಿಸದಂತೆ ಕೇಂದ್ರದ ಮೇಲೆ ಒತ್ತಡ ತನ್ನಿ. ಎತ್ತಿನಹೊಳೆಯಂಥ ತಿರುವು ಯೋಜನೆಗಳಲ್ಲಿ ನೀರೆತ್ತುವ ಪ್ರತಿ ಹಳ್ಳದ ಮೀನು ಕಪ್ಪೆಗಳ ಸಮೀಕ್ಷೆಯನ್ನು ಸ್ವತಂತ್ರ ತಜ್ಞರಿಂದ ಮಾಡಿಸಿ, ಕನ್ನಡದಲ್ಲಿ ಜನರ ಮುಂದಿಡಿ.

ಮೀನುಗಾರಿಕೆ ಇಲಾಖೆಗೆ: ನದಿಗೆ ಬಿಡುವ ಪ್ರತಿ ಮರಿಯೂ ಅದೇ ಕೊಳ್ಳದ್ದಾಗಿರಲಿ. ಕಾಟ್ಲಾ, ರೋಹುಗಳನ್ನು ಸಾಕಣೆ ಕೆರೆಗಳಿಗೆ ಸೀಮಿತಗೊಳಿಸಿ. ತೋಟೆ, ವಿಷ, ವಿದ್ಯುತ್ ಬಳಸುವವರ ಮೇಲೆ ಇರುವ ಕಾನೂನನ್ನೇ ಜಾರಿ ಮಾಡಿ.

ಅರಣ್ಯ ಇಲಾಖೆಗೆ: ಕಾಡಿನ ನಕ್ಷೆಯಲ್ಲಿ ಹೊಳೆ ಬರೀ ನೀಲಿ ಗೆರೆಯಾಗಿ ಉಳಿಯಬಾರದು. ಮಡುಗಳ ಗಣತಿ ಹುಲಿ ಗಣತಿಯಷ್ಟೇ ಶಿಸ್ತಿನಿಂದ ನಡೆಯಲಿ.

ಗ್ರಾಮ ಪಂಚಾಯಿತಿಗಳಿಗೆ: 2002ರ ಜೀವವೈವಿಧ್ಯ ಕಾಯ್ದೆ ನಿಮಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. ಅದನ್ನು ಕಡತದಿಂದ ಹೊಳೆದಂಡೆಗೆ ತನ್ನಿ. ಊರಿನ ಮಡು, ಜಡ್ಡಿ, ಮೀನು ಹತ್ತುವ ಹಳ್ಳಗಳನ್ನು ದಾಖಲಾತಿಗೆ ಸೇರಿಸಿ, ಯೋಗ್ಯವಾದುದನ್ನು ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಿಸಲು ಶಿಫಾರಸು ಮಾಡಿ.

ದೇವಸ್ಥಾನ, ಮಠಗಳಿಗೆ: ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಕಾನೂನು ಹುಟ್ಟುವ ಮೊದಲೇ ಮೀನನ್ನು ಕಾದವರು ನೀವು. 1996ರಲ್ಲಿ ಶಿಶಿಲದಲ್ಲಿ ಕಿಡಿಗೇಡಿಗಳು ವಿಷವಿಕ್ಕಿ ದೇವರ ಮೀನುಗಳನ್ನು ಕೊಂದಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಆ ಶ್ರದ್ಧೆಯನ್ನು ಮೆಟ್ಟಿಲ ಮುಂದಿನ ಗುಂಡಿಯಿಂದ ಮೇಲಕ್ಕೂ ಕೆಳಕ್ಕೂ ವಿಸ್ತರಿಸಿ. ಭಕ್ತರ ಮಂಡಕ್ಕಿಯ ಪ್ಲಾಸ್ಟಿಕ್ ಚೀಲ ನೀರಿಗೆ ಬೀಳದಂತೆ ನೋಡಿಕೊಳ್ಳಿ.

ನಮ್ಮ ಬದ್ಧತೆ

ಆದ್ಯತೆಯ ಪಟ್ಟಿಯನ್ನು ನಾವು ಮುಚ್ಚಿದ ಕೋಣೆಯಲ್ಲಿ ಮಾಡುವುದಿಲ್ಲ. ಯಾವ ಹೊಳೆ ಏಕೆ ಮೇಲೆ, ಯಾವುದು ಏಕೆ ಕೆಳಗೆ ಎಂಬುದನ್ನು ಪುರಾವೆಯೊಂದಿಗೆ ಪ್ರಕಟಿಸುತ್ತೇವೆ. ಮೂರು ವರ್ಷಕ್ಕೊಮ್ಮೆ ಪಟ್ಟಿಯನ್ನು ಪರಿಷ್ಕರಿಸುತ್ತೇವೆ. ಹೊಸ ಸಾಕ್ಷ್ಯ ಬಂದರೆ ಬದಲಿಸುತ್ತೇವೆ, ಒತ್ತಡ ಬಂದರೆ ಬದಲಿಸುವುದಿಲ್ಲ. ಬೆಸ್ತರ ತಿಳಿವಳಿಕೆಗೂ ಸಂಶೋಧಕರ ದಾಖಲೆಗೂ ನಮ್ಮ ಸಭೆಯಲ್ಲಿ ಒಂದೇ ಮಣೆ. ನಾವು ಯಾವ ಪಕ್ಷದ ಅಂಗವೂ ಅಲ್ಲ. ಮತ ಕೇಳಲು ಬಂದ ಪ್ರತಿಯೊಬ್ಬರಿಗೂ ನಮ್ಮ ಹೊಳೆಯ ಪಟ್ಟಿಯನ್ನು ಕೊಟ್ಟು, ಯಾವುದನ್ನು ಒಪ್ಪುತ್ತೀರಿ ಎಂದು ಬರವಣಿಗೆಯಲ್ಲಿ ಕೇಳುತ್ತೇವೆ.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು ಒಪ್ಪಿದ ಜೀವವೈವಿಧ್ಯ ಗುರಿಗಳಲ್ಲಿ, 2030ರೊಳಗೆ ಶೇ 30ರಷ್ಟು ನೆಲ, ಕಡಲಿನ ಜೊತೆ ಒಳನಾಡಿನ ನೀರನ್ನೂ ರಕ್ಷಣೆಗೆ ತರಬೇಕೆಂದು ಹೆಸರಿಸಿ ಹೇಳಲಾಗಿದೆ. ಭಾರತವೂ ಅದಕ್ಕೆ ಒಪ್ಪಿದೆ. ಕರ್ನಾಟಕದ ಯಾವ ಹೊಳೆಗಳು ಆ ಶೇ 30ರೊಳಗೆ ಬರುತ್ತವೆ ಎಂಬ ಪಟ್ಟಿ ಜನರಿಂದ ಬಾರದಿದ್ದರೆ, ಯಾರಿಗೂ ಬೇಡವಾದ ಜಾಗಗಳನ್ನು ಸೇರಿಸಿ ಲೆಕ್ಕ ತುಂಬಿಸುವ ಅಪಾಯವಿದೆ.

ಆದ್ದರಿಂದ ಈ ಪ್ರಣಾಳಿಕೆ ಓದಿದ ಪ್ರತಿಯೊಬ್ಬರಲ್ಲೂ ನಮ್ಮ ಕೋರಿಕೆ ಇಷ್ಟು. ನಿಮ್ಮೂರಿನ ಹಿರಿಯ ಮೀನುಗಾರರನ್ನು ಕರೆದುಕೊಂಡು ಬೇಸಿಗೆ ಮುಗಿಯುವ ಮೊದಲು ಹೊಳೆ ನಡೆಯಿರಿ. ನೀರು ನಿಂತಿರುವ ಮಡುಗಳ ಹೆಸರು ಬರೆದುಕೊಳ್ಳಿ, ಅಲ್ಲಿ ಏನೇನಿದೆ ಎಂದು ಕೇಳಿ ತಿಳಿಯಿರಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ಠರಾವಿಗೆ ತನ್ನಿ. ಮುಂಗಾರಿನ ಮೊದಲ ಎರಡು ತಿಂಗಳು ಹತ್ತುವ ಮೀನನ್ನು ಹಿಡಿಯಬೇಡಿ, ಹಿಡಿಯುವವರ ಮನವೊಲಿಸಿ. ಇದು ಮೊದಲ ಕೆಲಸ, ಇದಕ್ಕೆ ಯಾರ ಅನುಮತಿಯೂ ಬೇಡ. ಬನ್ನಿ, ಕೈ ಜೋಡಿಸಿ.